ಹ್ಯಾಂಡ್‌ಬ್ರೇಕ್ ಬಿಡದೇ ಕಾರು ಓಡಿಸಿದ್ರೆ ಏನಾಗುತ್ತೆ? ದೇವಿಕೊಪ್ಪದಿಂದ ಸಮುದ್ರಕ್ಕೆ ಹೊರಟವರ ಕಥೆ

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಈ ವಾರದ ಸಂಚಿಕೆ ನನಗೆ ಸ್ವಲ್ಪ ನಾಚಿಕೆ ತರೋ ಸಂಚಿಕೆ. ಯಾಕಂದ್ರೆ ತಪ್ಪು ಮಾಡಿದ್ದು ನಾನೇ. ಲೈಸೆನ್ಸ್ ಸಿಕ್ಕು ಒಂಬತ್ತು ವರ್ಷ ಆಗಿದೆ, ಬೆಂಗಳೂರಿನ ಟ್ರಾಫಿಕ್‌ನಲ್ಲಿ ಗಾಡಿ ಓಡಿಸಿದ್ದೀನಿ ಅನ್ನೋ ಸೊಕ್ಕು ಬೇರೆ. ಆ ಸೊಕ್ಕು ಇಳಿದಿದ್ದು ಕಿರವತ್ತಿಯ ರಸ್ತೆ ಬದಿಯಲ್ಲಿ, ಕಾರಿನ ಹಿಂದಿನ ಗಾಲಿಯಿಂದ ಹೊಗೆ ಬರೋದನ್ನ ನೋಡುತ್ತಾ ನಿಂತಾಗ.

ನಮ್ಮ ಊರು ದೇವಿಕೊಪ್ಪ. ಧಾರವಾಡ ಜಿಲ್ಲೆ, ಕಲಘಟಗಿ ತಾಲೂಕು. ಕಲಘಟಗಿ ಅಂದ್ರೆ ಬಣ್ಣದ ತೊಟ್ಟಿಲು ನೆನಪಾಗುತ್ತಲ್ಲ, ಅದೇ ಸೀಮೆ. ಧಾರವಾಡ ಜಿಲ್ಲೆ ಅಂದ ಕೂಡಲೇ ನವಲಗುಂದ, ಅಣ್ಣಿಗೇರಿಯ ಕಪ್ಪು ಎರೆ ಹೊಲ ಕಣ್ಣಿಗೆ ಬರುತ್ತೆ. ನಮ್ಮ ಕಡೆ ಹಾಗಲ್ಲ, ಇದು ಅರೆಮಲೆನಾಡು. ಕಾಡು ಇದೆ, ಮಳೆ ಇದೆ, ಮನೆ ಮುಂದೆ ಇಳಿಜಾರು ಇದೆ. ಆ ಇಳಿಜಾರೇ ಈ ಕಥೆಯ ಮೂಲ.

ದಸರಾ ರಜೆ. ಅಕ್ಕನ ಮಗಳು, ಆರು ವರ್ಷದವಳು, ಸಮುದ್ರ ನೋಡಬೇಕು ಅಂತ ಎಂಟು ದಿನದಿಂದ ಹಠ ಹಿಡಿದಿದ್ದಳು. ಕಾಕಾನ ಕಾರು ತಗೊಂಡು ಯಲ್ಲಾಪುರ ದಾಟಿ, ಅರಬೈಲ್ ಘಟ್ಟ ಇಳಿದು, ಅಂಕೋಲಾಕ್ಕೆ ಹೋಗಿ ಬರೋದು ಅಂತ ಆಯ್ತು. ಕಾರಲ್ಲಿ ಕಾಕಾ, ಕಾಕು, ಅವ್ವ, ಹುಡುಗಿ, ನಾನು. ಡಿಕ್ಕಿ ತುಂಬ ರೊಟ್ಟಿ ಬುತ್ತಿ, ಶೇಂಗಾ ಚಟ್ನಿ, ಒಂದು ದೊಡ್ಡ ನೀರಿನ ಕ್ಯಾನ್. ಬುತ್ತಿ ತುಂಬೋವಾಗ ಗಾಡಿ ಹಿಂದೆ ಸರಿದೀತು ಅಂತ ಕಾಕಾ ಒಳಗೆ ಕೈ ಹಾಕಿ ಹ್ಯಾಂಡ್‌ಬ್ರೇಕ್ ಎಳೆದರು. ಪೂರ್ತಿ ಎಳೆಯಲಿಲ್ಲ, ಕಟ್ ಕಟ್ ಅಂತ ಎರಡು ಹಲ್ಲು. ಹಿಂದಿನ ವಾರವಷ್ಟೇ ಅದರ ಕೇಬಲ್ ಬಿಗಿ ಮಾಡಿಸಿದ್ದರು, ಹಾಗಾಗಿ ಎರಡೇ ಹಲ್ಲಿಗೆ ಗಾಡಿ ನಿಂತಿತು.

ಆಮೇಲೆ ನಾನು ಬಂದು ಸೀಟಿಗೆ ಕೂತೆ. ಬೆಂಗಳೂರಲ್ಲಿ ನನ್ನ ಗಾಡಿ ನಿಲ್ಲೋದು ಅಪಾರ್ಟ್‌ಮೆಂಟಿನ ಸಮತಟ್ಟು ನೆಲಮಾಳಿಗೆಯಲ್ಲಿ. ಗೇರ್‌ನಲ್ಲಿ ಬಿಟ್ಟು ಇಳಿದುಬಿಡ್ತೀನಿ, ಹ್ಯಾಂಡ್‌ಬ್ರೇಕ್ ಮುಟ್ಟೋದೇ ಅಪರೂಪ. ಇಲ್ಲಿ ಕೂತ ಕೂಡಲೇ ಹುಡುಗಿ ಹಿಂದಿನಿಂದ “ಮಾಮಾ, ನನ್ನ ಟೋಪಿ!” ಅಂತ ಕೂಗಿದಳು. ಟೋಪಿ ತಂದರು, ಬಾಗಿಲು ಹಾಕಿದರು, ನಾನು ಹೊರಟೆ. ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪ ಉರಿಯುತ್ತಾ ಇತ್ತು. ಬೆಳಗಿನ ಬಿಸಿಲು ನೇರ ಅದರ ಮೇಲೆ ಬೀಳುತ್ತಿತ್ತು. ಕಣ್ಣಿಗೆ ಬಿದ್ದಿದ್ದರೂ ಸೀಟ್ ಬೆಲ್ಟಿನದ್ದು ಅಂದುಕೊಂಡಿರಬೇಕು. ಸುಳ್ಳು ಯಾಕೆ ಹೇಳಲಿ, ನಾನು ನೋಡಲೇ ಇಲ್ಲ.

ಈಗ ನೀವು ಕೇಳಬಹುದು: ಬ್ರೇಕ್ ಹಿಡಿದಿದ್ರೆ ಗಾಡಿ ಮುಂದೆ ಹೋಗೋದು ಹೇಗೆ? ಗೊತ್ತಾಗಲ್ವಾ?

ಪೂರ್ತಿ ಎಳೆದಿದ್ದರೆ ಗೊತ್ತಾಗುತ್ತೆ. ಇಂಜಿನ್ ಗುರ್ ಅನ್ನುತ್ತೆ, ಗಾಡಿ ಹಿಂದೆ ಕೂತ ಹಾಗೆ ಆಗುತ್ತೆ, ಕ್ಲಚ್ ಬಿಡುತ್ತಿದ್ದ ಹಾಗೆ ಬಂದ್ ಬೀಳುತ್ತೆ. ಎರಡು ಹಲ್ಲಿನದ್ದೇ ಮೋಸ. ಅದಕ್ಕೆ ಒಂದು ಸಣ್ಣ ಲೆಕ್ಕ ಹೇಳ್ತೀನಿ, ಇಯರ್‌ಫೋನ್ ತೆಗಿಬೇಡಿ.

ಒಂದು ಸಣ್ಣ ಕಾರು ಸಮತಟ್ಟು ರಸ್ತೆಯಲ್ಲಿ ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಒಂದೇ ಸಮ ಹೋಗ್ತಾ ಇದೆ ಅಂದುಕೊಳ್ಳಿ. ಟಯರ್ ಉರುಳೋ ತಡೆ, ಎದುರಿಗೆ ಬರೋ ಗಾಳಿಯ ತಡೆ, ಎರಡನ್ನೂ ಗೆಲ್ಲೋಕೆ ಅದಕ್ಕೆ ಬೇಕಾಗೋದು ಅಂದಾಜು ಮೂರು ಕಿಲೋವ್ಯಾಟ್ ಶಕ್ತಿ. ಅಷ್ಟೇ. ಆದರೆ ಆ ಕಾರಿನ ಇಂಜಿನ್ ಪೂರ್ತಿ ಒತ್ತಿದರೆ ಕೊಡೋದು ಐವತ್ತು ಕಿಲೋವ್ಯಾಟ್‌ಗೂ ಹತ್ತಿರ. ಅಂದ್ರೆ ನಾವು ಸುಮ್ಮನೆ ಹೋಗೋವಾಗ ಇಂಜಿನ್ನಿನ ಬಹುಪಾಲು ಶಕ್ತಿ ಖಾಲಿ ಕೂತಿರುತ್ತೆ. ಈಗ ಹಿಂದಿನ ಎರಡು ಗಾಲಿಗೆ ಬ್ರೇಕ್ ಸ್ವಲ್ಪ ತಾಗಿ, ಒಟ್ಟು ಮೂವತ್ತು ಕೆಜಿ ತೂಕದಷ್ಟು ಹಿಂದಕ್ಕೆ ಜಗ್ಗುತ್ತಾ ಇದೆ ಅಂತ ಇಟ್ಟುಕೊಳ್ಳಿ. ಅದನ್ನ ಎಳೆಯೋಕೆ ಇನ್ನೊಂದು ನಾಲ್ಕು ಕಿಲೋವ್ಯಾಟ್ ಸಾಕು. ಇಂಜಿನ್ನಿಗೆ ಅದು ಲೆಕ್ಕಕ್ಕೇ ಇಲ್ಲ. ನಿಮ್ಮ ಬಲಗಾಲು ಒಂದು ಬೆರಳಿನಷ್ಟು ಹೆಚ್ಚು ಒತ್ತುತ್ತೆ, ಕಾಲಿಗೇ ಅದು ಗೊತ್ತಾಗಲ್ಲ. ಕಾರಲ್ಲಿ ಐದು ಜನ, ಡಿಕ್ಕಿ ತುಂಬ ಸಾಮಾನು ಇದ್ರಂತೂ “ಲೋಡ್ ಜಾಸ್ತಿ ಐತಿ, ಅದಕ್ಕೆ ಜಗ್ಗವಲ್ದು” ಅಂತ ಮನಸ್ಸು ತಾನೇ ಉತ್ತರ ಕೊಟ್ಟುಕೊಳ್ಳುತ್ತೆ. ನಾನೂ ಅದನ್ನೇ ಹೇಳಿದೆ. ಕಾಕಾನೂ ಹೌದು ಅಂದರು.

ಇಂಜಿನ್ನಿಗೆ ಲೆಕ್ಕಕ್ಕಿಲ್ಲದ ಆ ನಾಲ್ಕು ಕಿಲೋವ್ಯಾಟ್ ಎಲ್ಲಿ ಹೋಗುತ್ತೆ ಅನ್ನೋದೇ ಮುಖ್ಯ ಪ್ರಶ್ನೆ. ಬ್ರೇಕ್ ಅಂದ್ರೆ ಓಟವನ್ನ ಶಾಖ ಮಾಡೋ ಯಂತ್ರ. ನಾಲ್ಕು ಕಿಲೋವ್ಯಾಟ್ ಅಂದ್ರೆ ಮನೆಯಲ್ಲಿರೋ ನಾಲ್ಕು ಇಸ್ತ್ರಿ ಪೆಟ್ಟಿಗೆ ಒಟ್ಟಿಗೆ ಉರಿಸಿದಷ್ಟು. ಎರಡು ಈ ಗಾಲಿಯ ಒಳಗೆ, ಎರಡು ಆ ಗಾಲಿಯ ಒಳಗೆ. ಹದಿನೈದು ಕಿಲೋಮೀಟರ್ ಹೀಗೇ ಹೋದರೆ ಒಟ್ಟು ಹುಟ್ಟೋ ಶಾಖ ಸುಮಾರು ಹದಿನಾಲ್ಕು ಲೀಟರ್ ತಣ್ಣೀರನ್ನ ಕುದಿಯೋ ಹಂತಕ್ಕೆ ತರೋದಕ್ಕೆ ಸಾಕು. ಬಾವಿಯಿಂದ ಹೊತ್ತು ತಂದ ಒಂದು ಕೊಡ ನೀರು. ಅಷ್ಟೂ ಶಾಖ ಕೆಲವೇ ಕೆಜಿ ತೂಕದ ಎರಡು ಬೀಡುಕಬ್ಬಿಣದ ಡ್ರಮ್‌ಗಳಿಗೆ ಇಳಿಯುತ್ತೆ. ಒಂದಿಷ್ಟನ್ನ ಗಾಳಿ ಎಳ್ಕೊಂಡು ಹೋಗುತ್ತೆ, ನಿಜ. ಉಳಿದದ್ದೇ ನೂರಾರು ಡಿಗ್ರಿ ಏರಿಸೋಕೆ ಸಾಕು. ಮೂವತ್ತು ಕೆಜಿ ಅನ್ನೋದು ನನ್ನ ಅಂದಾಜು, ನಿಮ್ಮ ಗಾಡಿಯಲ್ಲಿ ಇಪ್ಪತ್ತೂ ಇರಬಹುದು, ಐವತ್ತೂ ಇರಬಹುದು. ಕೊಡದ ಅಳತೆ ಬದಲಾಗುತ್ತೆ ಅಷ್ಟೇ.

ದೇವಿಕೊಪ್ಪದಿಂದ ಹೆದ್ದಾರಿಗೆ ಬಿದ್ದು ಯಲ್ಲಾಪುರದ ಕಡೆ ತಿರುಗಿದ್ವಿ. ಹುಬ್ಬಳ್ಳಿಯಿಂದ ಅಂಕೋಲಾಕ್ಕೆ ಹೋಗೋ ರಾಷ್ಟ್ರೀಯ ಹೆದ್ದಾರಿ ಅದು. ಮೊದಲು 63 ಅಂತಿದ್ರು, ಈಗ 52. ಎರಡೂ ಕಡೆ ಕಾಡು, ಮಳೆಗಾಲ ಮುಗಿದು ಹಸಿರು ಇನ್ನೂ ಆರಿರಲಿಲ್ಲ. ಕಿಟಕಿ ಇಳಿಸಿದ್ವಿ. ಸ್ವಲ್ಪ ದೂರ ಹೋದ ಮೇಲೆ ಅವ್ವ ಅಂದರು, “ಏನೋ ಸುಟ್ಟ ನಾತ ಬರಾಕತ್ತೈತಲ್ಲೋ.” ಮುಂದೆ ಒಂದು ಲಾರಿ ಇತ್ತು. ಲಾರಿದು ಅಂದೆ. ಲಾರಿ ದಾಟಿದ್ವಿ. ಅವ್ವ ಮತ್ತೆ ಅಂದರು, “ಇನ್ನೂ ಬರಾಕತ್ತೈತಿ.” ಹೊಲದಲ್ಲಿ ಏನೋ ಸುಡ್ತಿರಬೇಕು ಅಂತ ಕಾಕಾ ಅಂದರು. ಸುತ್ತ ಹೊಲ ಎಲ್ಲಿತ್ತು, ಬರೀ ಕಾಡು. ಮೂರನೇ ಸಲ ಅವ್ವ ಹೇಳಲಿಲ್ಲ, ಸೆರಗು ಮೂಗಿಗೆ ಹಿಡ್ಕೊಂಡ್ರು. ಡ್ರೈವಿಂಗ್ ಬಾರದವರು ಹೇಳಿದ್ದನ್ನ ಡ್ರೈವಿಂಗ್ ಬರೋರು ಎಷ್ಟು ಬೇಗ ತಳ್ಳಿಹಾಕ್ತೀವಿ ಅಂತ ಆಮೇಲೆ ತುಂಬ ಸಲ ಯೋಚಿಸಿದ್ದೀನಿ. ಆ ಕಾರಲ್ಲಿ ಸರಿಯಾಗಿ ಕೆಲಸ ಮಾಡ್ತಿದ್ದ ಎಚ್ಚರಿಕೆ ದೀಪ ಅಂದ್ರೆ ಅವ್ವನ ಮೂಗೊಂದೇ.

ಕಿರವತ್ತಿಯಲ್ಲಿ ಚಹಾಕ್ಕೆ ಅಂತ ನಿಧಾನ ಮಾಡಿದೆ. ಬ್ರೇಕ್ ಪೆಡಲ್ ಒತ್ತಿದಾಗ ಕಾಲು ಎಂದಿಗಿಂತ ಸ್ವಲ್ಪ ಆಳಕ್ಕೆ ಹೋಯ್ತು. ಹತ್ತಿಯ ಮೇಲೆ ಕಾಲಿಟ್ಟ ಹಾಗೆ. ಗಾಡಿ ನಿಂತಿತು, ಆದರೆ ಬೆನ್ನಲ್ಲಿ ಸಣ್ಣಗೆ ತಣ್ಣಗಾಯ್ತು. ಇಳಿದು ನೋಡಿದ್ರೆ ಹಿಂದಿನ ಎಡಗಾಲಿಯಿಂದ ತೆಳ್ಳಗೆ ಬಿಳಿ ಹೊಗೆ. ಕಾಕಾ ಡಿಕ್ಕಿ ತೆಗೆದು ನೀರಿನ ಕ್ಯಾನ್ ಕೈಗೆ ತಗೊಂಡ್ರು. ಅಷ್ಟರಲ್ಲಿ ಪಕ್ಕದ ಪಂಕ್ಚರ್ ಅಂಗಡಿಯಿಂದ ಒಬ್ಬ ಮಿಸ್ತ್ರಿ ಓಡಿ ಬಂದರು.

“ನೀರ್ ಹಾಕಬ್ಯಾಡ್ರಿ ಯಜಮಾನ್ರ! ಕಾದ ಹಂಚಿನ ಮ್ಯಾಲ ನೀರ್ ಹೊಡದಂಗ ಆಕ್ಕೈತಿ. ಡ್ರಮ್ ಸೀಳ್ತೈತ್ರೀ.”

ಆಮೇಲೆ ನನ್ನ ಕಡೆ ತಿರುಗಿದರು. “ಹ್ಯಾಂಡ್‌ಬ್ರೇಕ್ ಬಿಟ್ಟೀರೇನ್ರಿ?”

“ಬಿಟ್ಟೀನಣ್ಣಾ,” ಅಂದೆ. ಗಟ್ಟಿಯಾಗಿಯೇ ಅಂದೆ.

ಅವರು ಕಿಟಕಿಯೊಳಗೆ ತಲೆ ಹಾಕಿ ನೋಡಿದರು. ನಗಲಿಲ್ಲ, ಬೈಯಲಿಲ್ಲ. “ಎರಡ ಹಲ್ಲ ಮ್ಯಾಲ ಐತ್ ನೋಡ್ರಿ,” ಅಂದರು ಅಷ್ಟೇ.

ಅವರು ಹೇಳಿದ್ದೂ, ಆಮೇಲೆ ನಾನು ಓದಿ ತಿಳ್ಕೊಂಡದ್ದೂ ಸೇರಿಸಿ ಒಳಗೆ ಏನಾಗಿತ್ತು ಅಂತ ಹೇಳ್ತೀನಿ. ನಮ್ಮಲ್ಲಿ ಓಡೋ ಬಹಳಷ್ಟು ಸಣ್ಣ ಕಾರುಗಳಲ್ಲಿ ಮುಂದೆ ಡಿಸ್ಕ್ ಬ್ರೇಕ್, ಹಿಂದೆ ಡ್ರಮ್ ಬ್ರೇಕ್. ಡ್ರಮ್ ಅಂದ್ರೆ ಗಾಲಿ ಜೊತೆ ತಿರುಗೋ ಕಬ್ಬಿಣದ ಬೋಗುಣಿ. ಅದರೊಳಗೆ ಅರ್ಧಚಂದ್ರದ ಆಕಾರದ ಎರಡು ಶೂ, ಅವುಗಳ ಬೆನ್ನಿಗೆ ಲೈನರ್ ಅಂಟಿಸಿರುತ್ತಾರೆ. ಕಾಲಿನ ಬ್ರೇಕ್ ಒತ್ತಿದರೆ ಬ್ರೇಕ್ ಆಯಿಲ್ ಒತ್ತಡದಿಂದ ಶೂ ಅಗಲ ಆಗಿ ಡ್ರಮ್ಮಿಗೆ ಒತ್ತಿಕೊಳ್ಳುತ್ತೆ. ಹ್ಯಾಂಡ್‌ಬ್ರೇಕ್‌ಗೆ ಆಯಿಲ್ ಸಂಬಂಧ ಇಲ್ಲ. ಲಿವರ್‌ನಿಂದ ಹಿಂದಿನ ಗಾಲಿವರೆಗೆ ಉಕ್ಕಿನ ಕೇಬಲ್ ಹೋಗಿರುತ್ತೆ, ಅದು ಅದೇ ಶೂಗಳನ್ನ ಎಳೆದು ಅಗಲ ಮಾಡುತ್ತೆ. ಕಾಲಿನ ಬ್ರೇಕ್ ಕೈಕೊಟ್ಟರೂ ಇದೊಂದು ಇರಲಿ ಅಂತಲೇ ಬೇರೆ ದಾರಿ ಇಟ್ಟಿರೋದು. ಎಬಿಎಸ್ ಇದೆಯಲ್ಲ ಅಂತೀರಾ? ಎಬಿಎಸ್ ಕೆಲಸ ಮಾಡೋದು ಆಯಿಲ್ ಒತ್ತಡದ ಮೇಲೆ. ಕೇಬಲ್ ಎಳೆದು ಹಿಡಿದಿರೋದನ್ನ ಅದು ಬಿಡಿಸಲ್ಲ.

ಡ್ರಮ್ ಕಾದಾಗ ಮೊದಲು ಕೆಡೋದು ಲೈನರ್. ಅದನ್ನ ಕಟ್ಟಿ ಹಿಡಿದಿರೋ ಅಂಟು ಸುಡುತ್ತೆ, ಆ ಗಮಟು ನಾತ ಅದರದ್ದೇ. ಹಾಗೆ ಸುಟ್ಟ ಲೈನರಿನ ಮೇಲ್ಮೈ ಗಾಜಿನ ಹಾಗೆ ನುಣ್ಣಗೆ ಆಗಿಬಿಡುತ್ತೆ. ಆಮೇಲೆ ಎಷ್ಟು ಒತ್ತಿದರೂ ಹಿಡಿತ ಮೊದಲಿನಷ್ಟು ಬರಲ್ಲ. ಜೊತೆಗೆ ಕಾದ ಡ್ರಮ್ ಹಿಗ್ಗಿ ಶೂಗಳಿಂದ ದೂರ ಸರಿಯುತ್ತೆ. ಒಳಗಿನ ಗ್ರೀಸ್ ಕರಗುತ್ತೆ, ಬೇರಿಂಗ್ ಒಣಗುತ್ತೆ, ರಬ್ಬರ್ ಸೀಲು ಸುಡುತ್ತೆ. ತೀರಾ ಅತಿಯಾದ್ರೆ ಆ ಗ್ರೀಸಿಗೋ ಟಯರಿಗೋ ಬೆಂಕಿ ಹತ್ತುತ್ತೆ.

ನನ್ನನ್ನ ನಿಜವಾಗಿ ಹೆದರಿಸಿದ್ದು ಇದ್ಯಾವುದೂ ಅಲ್ಲ. ಬ್ರೇಕ್ ಆಯಿಲ್.

ಬ್ರೇಕ್ ಆಯಿಲ್ ಗಾಳಿಯಲ್ಲಿರೋ ತೇವವನ್ನ ಹೀರಿಕೊಳ್ಳೋ ದ್ರವ. ನಾವು ಸಾಮಾನ್ಯವಾಗಿ ಹಾಕಿಸೋ ಡಾಟ್ 3 ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೂ ಕುದಿಯಬಾರದು ಅನ್ನೋದು ಮಾನದಂಡ. ಅದೇ ಆಯಿಲಿಗೆ ನೂರಕ್ಕೆ 3.7ರಷ್ಟು ನೀರು ಸೇರಿದಾಗ ಆ ಅಂಕಿ 140ಕ್ಕೆ ಇಳಿಯುತ್ತೆ. ಡಾಟ್ 4 ಆದರೆ 230 ಮತ್ತು 155. ಅದಕ್ಕೇ ಎರಡು ವರ್ಷಕ್ಕೊಮ್ಮೆ ಬದಲಾಯಿಸಿ ಅಂತ ಹೇಳೋದು. ಕಾಕಾನ ಕಾರಿನ ಆಯಿಲ್ ಬದಲಾಯಿಸಿ ಐದು ವರ್ಷ ಆಗಿತ್ತು, ಅದೂ ನಮ್ಮ ಮಳೆ ಸೀಮೆಯಲ್ಲಿ. ಗಾಲಿಯ ಹತ್ತಿರ ಆಯಿಲ್ ಕುದ್ದರೆ ಪೈಪಿನೊಳಗೆ ಆವಿಯ ಗುಳ್ಳೆ ಆಗುತ್ತೆ. ದ್ರವವನ್ನ ಒತ್ತಿ ಕುಗ್ಗಿಸೋಕೆ ಆಗಲ್ಲ, ಆದ್ದರಿಂದಲೇ ಪೆಡಲಿನ ಒತ್ತಡ ಗಾಲಿಗೆ ಮುಟ್ಟುತ್ತೆ. ಆವಿ ಹಾಗಲ್ಲ, ಕುಗ್ಗುತ್ತೆ. ನೀವು ಪೆಡಲ್ ಒತ್ತಿದ ಬಲ ಎಲ್ಲ ಆ ಗುಳ್ಳೆ ಕುಗ್ಗಿಸೋದರಲ್ಲೇ ಮುಗಿದುಹೋಗುತ್ತೆ. ಹತ್ತಿಯ ಮೇಲೆ ಕಾಲಿಟ್ಟ ಹಾಗೆ ಅಂದ್ನಲ್ಲ, ಅದು ಇದೇ.

ಹಿಂದಿನ ಗಾಲಿ ಹೋದರೆ ಹೋಗಲಿ, ಮುಂದಿನ ಬ್ರೇಕ್ ಇದೆಯಲ್ಲ ಅಂತ ನಾನೂ ಅಂದುಕೊಂಡಿದ್ದೆ. ಇಲ್ಲೊಂದು ಒಳಸುಳಿ ಇದೆ. ಸುರಕ್ಷತೆಗೆ ಅಂತ ಬ್ರೇಕ್ ಆಯಿಲ್ ಪೈಪನ್ನ ಎರಡು ಭಾಗ ಮಾಡಿರುತ್ತಾರೆ, ಒಂದು ಸೋರಿದರೆ ಇನ್ನೊಂದು ಉಳಿಯಲಿ ಅಂತ. ಮುಂದಿನ ಗಾಲಿ ಎಳೆಯೋ ಸಣ್ಣ ಕಾರುಗಳಲ್ಲಿ ಈ ಭಾಗ ಸಾಮಾನ್ಯವಾಗಿ ಕರ್ಣರೇಖೆಯಲ್ಲಿ ಇರುತ್ತೆ: ಮುಂದಿನ ಎಡ ಮತ್ತು ಹಿಂದಿನ ಬಲ ಒಂದು, ಮುಂದಿನ ಬಲ ಮತ್ತು ಹಿಂದಿನ ಎಡ ಇನ್ನೊಂದು. ಪೈಪ್ ಒಡೆದಾಗ ಇದು ಬಹಳ ಒಳ್ಳೆ ಉಪಾಯ. ಆದರೆ ಹ್ಯಾಂಡ್‌ಬ್ರೇಕ್ ಕಾಯಿಸೋದು ಹಿಂದಿನ ಎರಡೂ ಗಾಲಿಯನ್ನ. ಎರಡೂ ಕಡೆ ಕುದ್ದರೆ ಎರಡೂ ಭಾಗಕ್ಕೂ ಗುಳ್ಳೆ ಸೇರುತ್ತೆ. ಒಂದು ಮರೆವು ಎರಡು ಕಾವಲನ್ನೂ ಒಟ್ಟಿಗೆ ದಾಟಿಬಿಡುತ್ತೆ.

ಈಗ ಕಿರವತ್ತಿಯಿಂದ ಮುಂದಿನ ದಾರಿ ನೆನಪಿಸಿಕೊಳ್ಳಿ. ಯಲ್ಲಾಪುರ, ಆಮೇಲೆ ಅರಬೈಲ್ ಘಟ್ಟ. ಅಲ್ಲಿ ಓಡಾಡಿದವರಿಗೆ ಗೊತ್ತು, ತಿರುವಿನ ಮೇಲೆ ತಿರುವು, ಎದುರಿಗೆ ಅದಿರು, ಮರಳು, ಕಂಟೇನರ್ ಹೊತ್ತ ಲಾರಿಗಳು. ಐದು ಜನ ಕೂತ ಕಾರು 100 ಮೀಟರ್ ಎತ್ತರ ಇಳಿದರೆ ಬಿಡುಗಡೆ ಆಗೋ ಶಕ್ತಿ ಮತ್ತೆ ಸುಮಾರು ನಾಲ್ಕು ಲೀಟರ್ ನೀರು ಕುದಿಸೋವಷ್ಟು. ಘಟ್ಟ ಇಳಿಯೋದು ಒಂದೇ ನೂರು ಮೀಟರ್ ಅಲ್ಲ. ಇಂಜಿನ್ ಒಂದಿಷ್ಟು ಹಿಡ್ಕೊಳ್ಳುತ್ತೆ, ಉಳಿದದ್ದು ಬ್ರೇಕಿಗೆ. ಆಗಲೇ ಕಾದು ಕೂತ ಬ್ರೇಕಿಗೆ. ಚಹಾ ಬೇಡ, ಸೀದಾ ಹೋಗೋಣ ಅಂತ ಕಾಕು ಅಂದಿದ್ದರು. ನನಗೇ ನಿದ್ದೆ ತೂಗ್ತಿತ್ತು, ಅದಕ್ಕೆ ನಿಲ್ಲಿಸಿದ್ದು.

ಮಿಸ್ತ್ರಿ ಮಾಡಿಸಿದ್ದು ಹೀಗೆ. ಮೊದಲು ಎಲ್ಲರನ್ನೂ ಕಾರಿಂದ ದೂರ ನಿಲ್ಲಿಸಿದರು, ಹುಡುಗಿಯನ್ನ ಗಾಲಿ ಹತ್ತಿರ ಬಿಡಲೇ ಇಲ್ಲ. ಹ್ಯಾಂಡ್‌ಬ್ರೇಕ್ ಪೂರ್ತಿ ಕೆಳಗೆ ಬಿಟ್ಟರು. ಗಾಡಿಯನ್ನ ಮೊದಲನೇ ಗೇರಿಗೆ ಹಾಕಿ, ಗಾಲಿಗೆ ಎರಡು ಕಲ್ಲು ಕೊಟ್ಟರು. ಗಾಡಿ ನಿಂತಿದೆ ಅಂತ ಅಭ್ಯಾಸಬಲದಿಂದ ನನ್ನ ಕೈ ಮತ್ತೆ ಹ್ಯಾಂಡ್‌ಬ್ರೇಕಿಗೆ ಹೋಯ್ತು ನೋಡಿ, ಆಗ ಮಾತ್ರ ಬೈದರು. “ಈಗ ಜಗ್ಗಿದ್ರ ಅಲ್ಲೇ ಹಿಡ್ಕೊಂಡ್ ಬಿಡ್ತೈತ್ರೀ.” ಕಾದು ಹಿಗ್ಗಿದ ಡ್ರಮ್ ಆರುತ್ತಾ ಕುಗ್ಗುತ್ತೆ. ಆ ಹೊತ್ತಿಗೆ ಶೂ ಒಳಗಿಂದ ಒತ್ತಿ ಹಿಡಿದಿದ್ದರೆ ಡ್ರಮ್ಮಿನ ಆಕಾರ ಕೆಡಬಹುದು, ಅಥವಾ ಶೂ ಕಚ್ಚಿಕೊಂಡು ಬಿಡದೇ ಹೋಗಬಹುದು. ನೀರು ಹಾಕಬಾರದು ಅನ್ನೋದಕ್ಕೂ ಕಾರಣ ಇಂಥದ್ದೇ: ಬೀಡುಕಬ್ಬಿಣ ಒಂದು ಕಡೆ ತಟ್ಟನೆ ತಣ್ಣಗಾದರೆ ಬಿರುಕು ಬಿಡುತ್ತೆ. ಒಂದು ತಾಸು ಸುಮ್ಮನೆ ಬಿಡಿ ಅಂದರು. ಬಿಟ್ಟ್ವಿ. ರಸ್ತೆ ಬದಿಯಲ್ಲೇ ಬುತ್ತಿ ಬಿಚ್ಚಿದ್ವಿ. ಮಿಸ್ತ್ರಿಗೂ ರೊಟ್ಟಿ ಕೊಟ್ಟರು ಅವ್ವ.

ನಿಮಗೆ ದಾರಿ ಮಧ್ಯೆ ಗೊತ್ತಾದ್ರೆ, ಹೊಗೆ ಇಲ್ಲ, ಪೆಡಲ್ ಗಟ್ಟಿ ಇದೆ, ಒಂದೆರಡು ಕಿಲೋಮೀಟರ್ ಮಾತ್ರ ಹೋಗಿದೆ ಅಂದ್ರೆ ಅಷ್ಟು ಗಾಬರಿ ಬೇಡ. ಲಿವರ್ ಬಿಟ್ಟು, ಬ್ರೇಕ್ ಹೆಚ್ಚು ಮುಟ್ಟದೇ ನಿಧಾನ ಓಡಿಸಿದರೆ ಗಾಳಿಗೆ ತಣ್ಣಗಾಗುತ್ತೆ. ಊರೊಳಗೆ ಮನೆಯಿಂದ ಅಂಗಡಿವರೆಗೆ ಹೀಗೆ ಹೋದವರಿಗೆ ಬಹುತೇಕ ಏನೂ ಆಗಿರಲ್ಲ. ನಾತ ಬಂದ್ರೆ, ಪೆಡಲ್ ಮೆತ್ತಗಾದ್ರೆ ಮಾತ್ರ ನಿಲ್ಲಿಸಲೇಬೇಕು. ಓಡುತ್ತಿರೋವಾಗಲೇ ಪೆಡಲ್ ಪೂರ್ತಿ ಕೆಳಗೆ ಹೋದರೆ ಬೇಗಬೇಗ ನಾಲ್ಕೈದು ಸಲ ಒತ್ತಿ ಒತ್ತಿ ಬಿಡಿ, ಸ್ವಲ್ಪ ಒತ್ತಡ ಸಿಗಬಹುದು. ಗೇರ್ ಒಂದೊಂದಾಗಿ ಇಳಿಸಿ. ಮತ್ತೆ ಹೊರಡೋ ಮುಂಚೆ ಹಿಂದಿನ ಗಾಲಿ ಹತ್ತಿರ ಅಂಗೈ ಹಿಡಿದು ನೋಡಿ. ಹಿಡಿದು ಅಂದೆ, ಮುಟ್ಟಿ ಅನ್ನಲಿಲ್ಲ. ಮುಂದಿನ ಗಾಲಿಗಿಂತ ಬಹಳ ಬಿಸಿ ಬರ್ತಾ ಇದ್ರೆ ಇನ್ನೂ ಹೊತ್ತಾಗಿಲ್ಲ ಅಂತ ಅರ್ಥ.

ಇಷ್ಟೆಲ್ಲ ಆದ ಮೇಲೆ ನನ್ನ ತಲೆ ತಿಂದಿದ್ದು ಬೇರೆ ಪ್ರಶ್ನೆ. ಮಿಸ್ತ್ರಿ ಕೇಳಿದಾಗ “ಬಿಟ್ಟೀನಿ” ಅಂದೆನಲ್ಲ, ಅದು ಸುಳ್ಳಲ್ಲ. ನನಗೆ ನಿಜವಾಗಲೂ ಬಿಟ್ಟ ನೆನಪಿತ್ತು. ಸಾವಿರ ಸಲ ಮಾಡಿದ ಕೆಲಸದಲ್ಲಿ ಹೀಗಾಗುತ್ತೆ, ಇವತ್ತಿನ ನೆನಪು ಯಾವುದು, ಹಳೇ ನೆನಪು ಯಾವುದು ಅಂತ ಬೇರೆ ಮಾಡೋಕೆ ಆಗಲ್ಲ. ಬ್ರಿಟಿಷ್ ಮನಶ್ಶಾಸ್ತ್ರಜ್ಞ ಜೇಮ್ಸ್ ರೀಸನ್ 1990ರ ತಮ್ಮ ‘ಹ್ಯೂಮನ್ ಎರರ್’ ಪುಸ್ತಕದಲ್ಲಿ ಇಂಥ ತಪ್ಪುಗಳನ್ನ, ಗೊತ್ತಿಲ್ಲದೇ ಮಾಡೋ ತಪ್ಪುಗಳಿಂದ ಬೇರೆ ಮಾಡಿ ಇಡುತ್ತಾರೆ. ಇವು ಕಲಿಯದವರ ತಪ್ಪುಗಳಲ್ಲ, ಚೆನ್ನಾಗಿ ಕಲಿತು ಕೈ ಪಳಗಿದವರ ತಪ್ಪುಗಳು. ಕೈ ತಾನೇ ಕೆಲಸ ಮಾಡುತ್ತೆ, ಮನಸ್ಸು ಬೇರೆಲ್ಲೋ ಇರುತ್ತೆ. ನಡುವೆ ಯಾರೋ ಕೂಗಿದರೆ ಒಂದು ಮೆಟ್ಟಿಲು ತಪ್ಪಿ ಮುಂದಿನದಕ್ಕೆ ಹೋಗಿಬಿಡ್ತೀವಿ. ನನ್ನ ವಿಷಯದಲ್ಲಿ ಆ ಕೂಗು ಒಂದು ಟೋಪಿ. ನಿಮಗೆ ವಾಟ್ಸ್ಆ್ಯಪ್ ಕಾಲ್ ಇರಬಹುದು.

ವಿಮಾನದವರಿಗೆ ಈ ಪಾಠ ಬಹಳ ದುಬಾರಿ ಬಿತ್ತು. ವಿಮಾನ ನಿಂತಿರುವಾಗ ಗಾಳಿಗೆ ಅದರ ರೆಕ್ಕೆ, ಬಾಲದ ಪಟ್ಟಿಗಳು ಬಡಿದಾಡದೇ ಇರಲಿ ಅಂತ ಒಂದು ಲಾಕ್ ಹಾಕಿರುತ್ತಾರೆ. ಅದು ಅವರ ಹ್ಯಾಂಡ್‌ಬ್ರೇಕ್ ಅನ್ನಿ. 1935ರ ಅಕ್ಟೋಬರ್ 30ರಂದು ಅಮೆರಿಕದ ಓಹಾಯೋದ ರೈಟ್ ಫೀಲ್ಡ್‌ನಲ್ಲಿ ಬೋಯಿಂಗ್ ಕಂಪನಿಯ ಮಾಡೆಲ್ 299 ಅನ್ನೋ ಹೊಸ ಬಾಂಬರ್ ವಿಮಾನ ಪರೀಕ್ಷೆಗೆ ಹೊರಟಿತು. ಆ ಲಾಕ್ ಬಿಡಿಸೋದು ಮರೆತಿದ್ದರು. ವಿಮಾನ ಮೂಗು ಎತ್ತಿ ಮೇಲೇರಿ, ತೂಕ ತಪ್ಪಿ ನೆಲಕ್ಕೆ ಬಿತ್ತು. ಇಬ್ಬರು ತೀರಿಕೊಂಡರು. ಇಬ್ಬರೂ ಅನುಭವಿ ಪೈಲಟ್‌ಗಳೇ. ಅಪಘಾತ ಆದ ಮೇಲೆ ಹುಟ್ಟಿದ್ದು ಹಾರೋ ಮುಂಚೆ ಒಂದೊಂದಾಗಿ ಓದಿ ಟಿಕ್ ಹಾಕೋ ಪಟ್ಟಿ, ಚೆಕ್‌ಲಿಸ್ಟ್. ಅದೇ ವಿಮಾನ ಮುಂದೆ ಬಿ-17 ಅಂತ ಹೆಸರು ಮಾಡಿತು.

ಪಟ್ಟಿ ಬಂದ ಮೇಲೆ ಮುಗೀತಾ? ಇಲ್ಲ. 2014ರ ಮೇ 31ರಂದು ಮ್ಯಾಸಚೂಸೆಟ್ಸ್‌ನ ಬೆಡ್‌ಫರ್ಡ್‌ನಲ್ಲಿ ಒಂದು ಗಲ್ಫ್‌ಸ್ಟ್ರೀಮ್ ಜೆಟ್ ಅದೇ ಥರದ ಲಾಕ್ ಬಿಡಿಸದೇ ರನ್‌ವೇ ಮೇಲೆ ಓಡಿತು, ಏರಲಿಲ್ಲ, ಒಳಗಿದ್ದ ಏಳೂ ಜನ ಸತ್ತರು. ಎಂಬತ್ತು ವರ್ಷದ ಹತ್ತಿರ ಅಂತರ, ಅದೇ ತಪ್ಪು. ತನಿಖೆ ಮಾಡಿದವರು ಆ ವಿಮಾನದ ಹಿಂದಿನ 175 ಹಾರಾಟದ ದಾಖಲೆ ತೆಗೆದು ನೋಡಿದರು. ನೂರಕ್ಕೆ 98 ಸಲ ಅದೇ ಸಿಬ್ಬಂದಿ ಹಾರೋ ಮುಂಚಿನ ಪರೀಕ್ಷೆಯನ್ನ ಪೂರ್ತಿ ಮಾಡಿರಲೇ ಇಲ್ಲ. ಪ್ರತಿ ಸಲವೂ ಏನೂ ಆಗಿರಲಿಲ್ಲ. ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಹ್ಯಾಂಡ್‌ಬ್ರೇಕ್ ನೋಡದೇ ಹೊರಡೋ ನನ್ನ ಚಾಳಿ ಓದುತ್ತಾ ನೆನಪಾಯ್ತು.

ಕಾರಿಗೆ ಯಾಕೆ ಜೋರಾಗಿ ಬೀಪ್ ಇಟ್ಟಿಲ್ಲ ಅಂತ ಕೇಳಬಹುದು. ಇರೋ ಕಾರುಗಳಿವೆ, ಇಲ್ಲದವೂ ಬಹಳ ಇವೆ. ನಮ್ಮ ದೇಶದಲ್ಲಿ 2019ರ ಜುಲೈ 1ರಿಂದ ಹೊಸ ಕಾರುಗಳಿಗೆ ಸೀಟ್ ಬೆಲ್ಟ್ ನೆನಪಿಸೋ ಸದ್ದು, 80 ಕಿಲೋಮೀಟರ್ ವೇಗ ದಾಟಿದರೆ ಎಚ್ಚರಿಸೋ ಸದ್ದು, ಹಿಂದೆ ತಗೊಳ್ಳೋವಾಗಿನ ಸೆನ್ಸರ್ ಕಡ್ಡಾಯ ಆಯ್ತು. ಆ ಪಟ್ಟಿಯಲ್ಲಿ ಹ್ಯಾಂಡ್‌ಬ್ರೇಕಿನ ಸದ್ದು ಇರಲಿಲ್ಲ. ಕೆಂಪು ದೀಪವೇ ಗತಿ. ವೃತ್ತದೊಳಗೆ ಆಶ್ಚರ್ಯಸೂಚಕ ಚಿಹ್ನೆಯೋ, ‘ಪಿ’ ಅಕ್ಷರವೋ ಇರುತ್ತಲ್ಲ, ಅದು. ಎಷ್ಟೋ ಕಾರುಗಳಲ್ಲಿ ಬ್ರೇಕ್ ಆಯಿಲ್ ಕಮ್ಮಿಯಾದರೂ ಅದೇ ದೀಪ ಉರಿಯುತ್ತೆ. ಲಿವರ್ ಪೂರ್ತಿ ಇಳಿಸಿದರೂ ಆರದೇ ಇದ್ರೆ ಆಯಿಲ್ ನೋಡಿಸಿ. ಇನ್ನೊಂದು ವಿಷಯ, ಆ ದೀಪಕ್ಕೆ ಗೊತ್ತಿರೋದು ಲಿವರ್ ಎಲ್ಲಿದೆ ಅನ್ನೋದಷ್ಟೇ. ಗಾಲಿಯ ಹತ್ತಿರ ಕೇಬಲ್ ತುಕ್ಕು ಹಿಡಿದು ಸಿಕ್ಕಿಹಾಕಿಕೊಂಡಿದ್ದರೆ ಲಿವರ್ ಕೆಳಗಿರುತ್ತೆ, ದೀಪ ಆರಿರುತ್ತೆ, ಶೂ ಮಾತ್ರ ಹಿಡಿದೇ ಇರುತ್ತೆ. ಮಲೆನಾಡಿನ ಅಂಚಿನ ನಮ್ಮಂಥ ಊರುಗಳಲ್ಲಿ ಮಳೆಗಾಲದಲ್ಲಿ ಇದು ಹೊಸದಲ್ಲ. ಹದಿನೈದು ದಿನ ಹ್ಯಾಂಡ್‌ಬ್ರೇಕ್ ಎಳೆದು ಮಳೆಯಲ್ಲಿ ನಿಲ್ಲಿಸಿದರೆ ಲೈನರ್ ತುಕ್ಕಿನ ಜೊತೆ ಡ್ರಮ್ಮಿಗೆ ಅಂಟಿಕೊಂಡಿರುತ್ತೆ. ಅಂಥ ಹೊತ್ತಲ್ಲಿ ಸಮತಟ್ಟು ಜಾಗ, ಗೇರು, ಕಲ್ಲು, ಇಷ್ಟೇ ಸಾಕು. ಇಳಿಜಾರಲ್ಲಿ ನಿಲ್ಲಿಸೋವಾಗ ಮಾತ್ರ ಹ್ಯಾಂಡ್‌ಬ್ರೇಕ್ ಬೇಕೇ ಬೇಕು, ಈ ಕಥೆ ಕೇಳಿ ಅದನ್ನ ಬಿಟ್ಟುಬಿಡಬೇಡಿ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ, 15ನೇ ನಿಯಮದ ಪ್ರಕಾರ, ಏರಿನಲ್ಲಿ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಬಳಸಿಯೋ, ಆಕ್ಸಿಲರೇಟರ್ ಮತ್ತು ಕಾಲಿನ ಬ್ರೇಕ್ ಬಳಸಿಯೋ ಹಿಂದೆ ಸರಿಯದೇ ಹೊರಡೋದು ಲೈಸೆನ್ಸ್ ಪರೀಕ್ಷೆಯ ಭಾಗ. ನನ್ನ ಪರೀಕ್ಷೆಯಲ್ಲಿ ಏರು ಇರಲಿಲ್ಲ, ಎಂಟು ಬರೆಸಿ ಕಳಿಸಿದರು.

ಬಟನ್ ಒತ್ತೋ ಎಲೆಕ್ಟ್ರಾನಿಕ್ ಪಾರ್ಕಿಂಗ್ ಬ್ರೇಕ್ ಇರೋ ಕಾರುಗಳಲ್ಲಿ ಈ ತೊಂದರೆ ಬಹಳ ಮಟ್ಟಿಗೆ ಇಲ್ಲ. ಬೆಲ್ಟ್ ಹಾಕಿ, ಬಾಗಿಲು ಮುಚ್ಚಿ ಆಕ್ಸಿಲರೇಟರ್ ಒತ್ತಿದರೆ ಸಾಮಾನ್ಯವಾಗಿ ಅದೇ ಬಿಟ್ಟುಕೊಳ್ಳುತ್ತೆ. ಬೈಕಿನವರು ನಗಬೇಡಿ. ಹಿಂದಿನ ಬ್ರೇಕ್ ಪೆಡಲಿನ ಮೇಲೆ ಸದಾ ಕಾಲಿಟ್ಟು ಓಡಿಸೋದು ಇದೇ ತಪ್ಪಿನ ತಮ್ಮ.

ಒಂದು ತಾಸಾದ ಮೇಲೆ ಮಿಸ್ತ್ರಿ ಜಾಕ್ ಕೊಟ್ಟು ಎಡಗಾಲಿ ಬಿಚ್ಚಿದರು. ಡ್ರಮ್ಮಿನ ಒಳಗೆ ನೀಲಿ ನೀಲಿ ಕಲೆ. ಲೈನರ್ ಕನ್ನಡಿ ಹಾಗೆ ಹೊಳೀತಿತ್ತು. ಬ್ರೇಕ್ ಆಯಿಲ್ ಚಹಾದ ಬಣ್ಣಕ್ಕೆ ತಿರುಗಿತ್ತು. ಕೈ ಒರೆಸಿಕೊಳ್ಳುತ್ತಾ ಕಾಕಾಗೆ ಅಂದರು, “ಮನಿಗೆ ಸಾವಕಾಶ ಹೋಗ್ರಿ, ಆಕ್ಕೈತಿ. ಘಟ್ಟ ಇಳಿಬ್ಯಾಡ್ರಿ ಇವತ್ತ.” ಹುಡುಗಿ ಅಳೋಕೆ ಶುರು ಮಾಡಿದಳು. ದೇವಿಕೊಪ್ಪದವರೆಗೂ ಅತ್ತಳು. ನಾನು ಮೂವತ್ತರ ವೇಗದಲ್ಲಿ, ಮುಂದಿನ ಗಾಡಿಯಿಂದ ಬಹಳ ದೂರ ಬಿಟ್ಟು, ಹತ್ತು ಸಲ ಲಿವರ್ ಮುಟ್ಟಿ ನೋಡುತ್ತಾ ಗಾಡಿ ತಂದೆ. ಹೊಸ ಶೂ, ಹೊಸ ಆಯಿಲ್, ಒಂದು ಸೀಲು, ಹುಬ್ಬಳ್ಳಿಯಲ್ಲಿ ಹಾಕಿಸಿದ್ವಿ. ದುಡ್ಡು ನಾನೇ ಕೊಟ್ಟೆ. ಕಾಕಾ ಬೇಡ ಅನ್ನಲಿಲ್ಲ.

ಮೂರು ವಾರ ಬಿಟ್ಟು ಹುಡುಗಿಯನ್ನ ಸಮುದ್ರಕ್ಕೆ ಕರ್ಕೊಂಡು ಹೋದೆ, ವಾಯವ್ಯ ಸಾರಿಗೆ ಬಸ್ಸಲ್ಲಿ. ಏರ್ ಬ್ರೇಕ್ ಇರೋ ಈಗಿನ ಬಸ್ಸು, ಲಾರಿಗಳಲ್ಲಿ ಲೆಕ್ಕ ತಿರುಗಮುರುಗ. ಅಲ್ಲಿ ನಿಲ್ಲೋ ಬ್ರೇಕನ್ನ ಹಿಡಿದಿಡೋದು ಒಂದು ಬಲವಾದ ಸ್ಪ್ರಿಂಗ್, ಬಿಡಿಸೋದು ಗಾಳಿಯ ಒತ್ತಡ. ಟ್ಯಾಂಕಿಯಲ್ಲಿ ಗಾಳಿ ಸಾಲದಿದ್ದರೆ ಬ್ರೇಕ್ ಬಿಡೋದೇ ಇಲ್ಲ, ಗಾಡಿ ಕದಲಲ್ಲ. ಡ್ರೈವರ್ ನಿಲ್ಲಿಸಿ ಬ್ರೇಕ್ ಹಾಕಿದಾಗ ಪುಸ್ಸ್ ಅಂತ ಆ ಗಾಳಿ ಹೊರಗೆ ಬರುತ್ತೆ. ಇದನ್ನೆಲ್ಲ ಅವಳಿಗೆ ಹೇಳಿದ್ದೇ ತಪ್ಪಾಯ್ತು. ಯಲ್ಲಾಪುರದ ಬಸ್ ಸ್ಟ್ಯಾಂಡಿನಲ್ಲಿ ಬಸ್ ನಿಂತು ಪುಸ್ಸ್ ಅಂದಿತು. ಹತ್ತು ನಿಮಿಷ ಬಿಟ್ಟು ಡ್ರೈವರ್ ಬಂದು ಕೂತರು, ಇಂಜಿನ್ ಶುರು ಆಯ್ತು. ಅವಳು ಸೀಟಿನ ಮೇಲೆ ನಿಂತು, ಇಡೀ ಬಸ್ಸಿಗೆ ಕೇಳೋ ಹಾಗೆ ಕೂಗಿದಳು:

“ಅಜ್ಜಾ, ಹ್ಯಾಂಡ್‌ಬ್ರೇಕ್ ಬಿಟ್ಟ್ರೇನ್ರಿ?”

ಡ್ರೈವರ್ ಕನ್ನಡಿಯಲ್ಲಿ ಅವಳನ್ನ ನೋಡಿದರು. ಆಮೇಲೆ ಡ್ಯಾಶ್‌ಬೋರ್ಡಿನ ಕಡೆ ಒಮ್ಮೆ ಕಣ್ಣು ಹಾಯಿಸಿ, “ಬಿಟ್ಟೀನವಾ, ಕುಂದರು,” ಅಂದರು.